ರಾಗಿ ಕೆಂಪೋ ಟೊಮೆಟೊ ಕೆಂಪೋ: ಮನೆಯೊಳಗಿನ ಗೋಡೆಗೆ ಕೆಂಪು ಬಣ್ಣ ಆರಿಸಿ ಹೊಡೆಸುವ ಬಗೆ

ಬಿಳಿ ಗೋಡೆ ಪೇಂಟರ್‌ನ ತಪ್ಪು ಮುಚ್ಚುತ್ತದೆ, ಕೆಂಪು ಗೋಡೆ ಬಯಲಿಗೆ ಹಾಕುತ್ತದೆ. ರೋಲರ್ ಎಲ್ಲಿ ನಿಂತಿತು, ಪುಟ್ಟಿ ಎಲ್ಲಿ ಉಜ್ಜದೆ ಉಳಿಯಿತು, ಮಧ್ಯಾಹ್ನ ಊಟಕ್ಕೆ ಎದ್ದಾಗ ಕೆಲಸ ಯಾವ ಜಾಗದಲ್ಲಿ ಬಿಟ್ಟರು ಎನ್ನುವುದೆಲ್ಲ ವರ್ಷವಾದರೂ ಕಾಣುತ್ತಿರುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇದರ ಜೊತೆಗೆ ಇನ್ನೆರಡು ಕಾಟ. ಒಂದು, ಬೋರ್‌ವೆಲ್ಲಿನ ಉಪ್ಪು ನೀರು ಕುಡಿದು ಎದ್ದ ಗೋಡೆ. ಇನ್ನೊಂದು, ಮನೆಮನೆಯಲ್ಲೂ ಉರಿಯುವ ನೀಲಿ ಬಿಳುಪಿನ ಟ್ಯೂಬ್‌ಲೈಟ್. ಶೇಡ್ ಕಾರ್ಡ್ ಹಿಡಿದು ಕೂರುವ ಮೊದಲು ಇವೆರಡನ್ನು ನೋಡಿಕೊಳ್ಳಬೇಕು. ಆದರೆ ಎಲ್ಲರೂ ಶುರು ಮಾಡುವುದು ಶೇಡ್‌ನಿಂದಲೇ, ಹಾಗಾಗಿ ಅಲ್ಲಿಂದಲೇ ಹೋಗೋಣ.

ಯಾವ ಕೆಂಪು

ಕಾರ್ಡಿನಲ್ಲಿ ಕೆಂಪು ಅಂತ ಹತ್ತಾರು ಚೌಕಗಳಿದ್ದರೂ ಮನೆಯ ಲೆಕ್ಕಕ್ಕೆ ಮೂರೇ ಗುಂಪು. ಹಳದಿ ಕಡೆ ವಾಲಿದ್ದು, ಅಂದರೆ ಕೋಲಾರದ ಮಂಡಿಯಲ್ಲಿ ಕ್ರೇಟ್‌ಗಟ್ಟಲೆ ಕಾಣುವ ಹಣ್ಣು ಟೊಮೆಟೊ. ನೀಲಿ ಕಡೆ ವಾಲಿದ್ದು, ಅಂದರೆ ದಾಳಿಂಬೆ ಕಾಳು, ಬೀಟ್‌ರೂಟ್, ಕಡುಗೆಂಪು ಗುಲಾಬಿ. ಕಂದು ಕಡೆ ವಾಲಿದ್ದು, ಅಂದರೆ ರಾಗಿ ಕಾಳು, ಮಾಲೂರಿನ ಇಟ್ಟಿಗೆ, ಹೊಲದ ಕೆಮ್ಮಣ್ಣು, ಹೊಸ ಹುಣಸೆಹಣ್ಣು.

ಒಂದೇ ಚೌಕ ನೋಡಿದರೆ ಯಾವುದೂ ಬರೀ ಕೆಂಪಾಗಿಯೇ ಕಾಣುತ್ತದೆ. ವಾಲಿಕೆ ಗೊತ್ತಾಗುವುದು ಪಕ್ಕದಲ್ಲಿ ಇನ್ನೊಂದು ಇಟ್ಟಾಗ. ಮೂರು ಗುಂಪಿನಿಂದ ಒಂದೊಂದು ಚೌಕ ಕತ್ತರಿಸಿ ಬಿಳಿ ಹಾಳೆಯ ಮೇಲೆ ಒತ್ತಾಗಿ ಅಂಟಿಸಿ, ಬಾಗಿಲ ಹೊರಗೆ ನೆರಳಲ್ಲಿ ನಿಂತು ನೋಡಿ. ಒಂದು ಕಿತ್ತಳೆಗೆ ಹೋಗುತ್ತದೆ, ಒಂದು ನೇರಳೆಗೆ, ಒಂದು ಮಣ್ಣಿಗೆ.

ಆಮೇಲೆ ಅದೇ ಹಾಳೆ ಹಿಡಿದುಕೊಂಡು ಮನೆಯೊಳಗೆ ಬನ್ನಿ. ಬದಲಾಯಿಸಲಾಗದ ಮೂರು ವಸ್ತುಗಳ ಪಕ್ಕ ಇಟ್ಟು ನೋಡಿ: ನೆಲ, ಮುಂಬಾಗಿಲ ಮರ, ಸೋಫಾ. ತೇಗದ ಬಾಗಿಲಿಗೆ ಜೇನಿನ ಬಣ್ಣದ ವಾರ್ನಿಷ್ ಹೊಡೆಸಿದ್ದರೆ ನೀಲಿ ವಾಲಿಕೆಯ ಕೆಂಪು ಅದಕ್ಕೆ ಹೊಂದುವುದಿಲ್ಲ. ಬಾಗಿಲು ಕಿತ್ತಳೆಯಾಗಿ, ಗೋಡೆ ನೇರಳೆಯಾಗಿ, ಎರಡೂ ಕೆಡುತ್ತವೆ. ಬೂದು ಗ್ರಾನೈಟ್ ನೆಲಕ್ಕೆ ದಾಳಿಂಬೆ ಕೆಂಪೂ ಸರಿ, ಇಟ್ಟಿಗೆ ಕೆಂಪೂ ಸರಿ. ಹೊಸ ಬಡಾವಣೆಯ ಮನೆಗಳಲ್ಲಿ ಸಾಮಾನ್ಯವಾಗಿರುವ ಕೆನೆ ಬಣ್ಣದ ವಿಟ್ರಿಫೈಡ್ ಟೈಲ್ಸ್ ಮಾತ್ರ ಸ್ವಲ್ಪ ತಂಟೆಯದು. ಅದು ಹೊಳೆಯುವುದರಿಂದ ಗೋಡೆಯ ಕೆಂಪನ್ನು ನೆಲಕ್ಕೂ ತರುತ್ತದೆ. ದಾಳಿಂಬೆ ಕೆಂಪಾದರೆ ಗೋಡೆಯ ಬುಡದ ಒಂದೆರಡು ಅಡಿ ಟೈಲ್ಸ್ ಗುಲಾಬಿ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಇಟ್ಟಿಗೆ ಕೆಂಪಿನ ಪ್ರತಿಬಿಂಬ ಚರ್ಮದ ಬಣ್ಣಕ್ಕೆ ಹತ್ತಿರ, ಕಣ್ಣಿಗೆ ಹೊಡೆಯುವುದಿಲ್ಲ.

ಹಾಲ್‌ಗೋ ಊಟದ ಜಾಗಕ್ಕೋ ಅಂತ ಕೇಳಿದರೆ ನಮ್ಮ ಓಟು ರಾಗಿ ಕೆಂಪಿಗೆ. ಚೆಂದದ ಮಾತು ಹಾಗಿರಲಿ, ಕಾರಣ ರಂಗಿನ ಪುಡಿಯಲ್ಲಿದೆ. ಮಣ್ಣುಗೆಂಪು ಶೇಡ್‌ಗಳಿಗೆ ಹಾಕುವುದು ಕಬ್ಬಿಣದ ಆಕ್ಸೈಡ್. ಅದು ಕೆಳಗಿನದ್ದನ್ನು ಚೆನ್ನಾಗಿ ಮುಚ್ಚುತ್ತದೆ, ಬಿಸಿಲಿಗೆ ಮಾಸುವುದಿಲ್ಲ, ಸಿಮೆಂಟಿನ ಕ್ಷಾರಕ್ಕೆ ಜಗ್ಗುವುದಿಲ್ಲ, ಬೆಲೆಯೂ ಕಡಿಮೆ. ಟೊಮೆಟೊ ಮತ್ತು ದಾಳಿಂಬೆ ಕೆಂಪುಗಳಿಗೆ ಬೇಕಾಗುವುದು ಸಾವಯವ ರಂಗುಗಳು, ಅಂದರೆ ಇಂಗಾಲದ ರಸಾಯನದಿಂದ ತಯಾರಿಸಿದವು. ಅವು ಬಣ್ಣದ ಗಾಜಿನ ಹಾಗೆ, ಬೆಳಕು ಒಳಗೆ ಹೋಗಿ ಕೆಳಗಿನ ಗೋಡೆ ಮುಟ್ಟಿ ವಾಪಸು ಬರುತ್ತದೆ. ಸಾಲದ್ದಕ್ಕೆ ಇಂಥ ಗಾಢ ಶೇಡ್ ಮಾಡಲು ಬಳಸುವ ಬೇಸ್‌ನಲ್ಲಿ (ರಂಗು ಬೆರೆಸುವ ಮೊದಲಿನ ಪೇಂಟ್), ಬಿಳಿ ಪೇಂಟಿಗೆ ಮುಚ್ಚುವ ಶಕ್ತಿ ಕೊಡುವ ಟೈಟಾನಿಯಂ ಡೈಆಕ್ಸೈಡ್ ಇರುವುದೇ ಇಲ್ಲ, ಅಥವಾ ತೀರಾ ಕಡಿಮೆ. ಹಾಗಾಗಿ ಎರಡು ಕೋಟಿಗೆ ಮುಗಿಯಬೇಕಾದ ಗೋಡೆ ನಾಲ್ಕು ಕೋಟು ಕೇಳುತ್ತದೆ. ಅಂಗಡಿಯಲ್ಲಿ ಟಿಂಟಿಂಗ್ ಮೆಷಿನ್ನಿನ ಪರದೆ ಮೇಲೆ ನಿಮ್ಮ ಶೇಡ್‌ಗೆ ಯಾವ ರಂಗು ಎಷ್ಟು ಬೀಳುತ್ತದೆ ಅಂತ ಬರುತ್ತದೆ. ತೋರಿಸಿ ಅಂತ ಕೇಳಿ. ರೆಡ್ ಆಕ್ಸೈಡ್ ಪಾಲು ಹೆಚ್ಚಿದ್ದರೆ ಕೆಲಸ ಸಲೀಸು. ಇಲ್ಲದಿದ್ದರೆ ಮುಂದೆ ಹೇಳುವ ಬೂದು ಪ್ರೈಮರ್ ಬೇಕೇ ಬೇಕು.

ಇಲ್ಲೇ ಒಂದು ಎಚ್ಚರಿಕೆ. 'ರೆಡ್ ಆಕ್ಸೈಡ್ ಕೊಡಿ' ಅಂತ ಅಂಗಡಿಯಲ್ಲಿ ಕೇಳಿದರೆ ಮೂರು ಬೇರೆ ಬೇರೆ ಮಾಲು ಕೈಗೆ ಬರಬಹುದು: ನೆಲಕ್ಕೆ ಸಿಮೆಂಟಿನ ಜೊತೆ ಬೆರೆಸುವ ಪುಡಿ, ಕಿಟಕಿ ಗ್ರಿಲ್ಲಿಗೆ ಹೊಡೆಯುವ ಎಣ್ಣೆ ಪ್ರೈಮರ್, ಆ ಹೆಸರಿನ ಗೋಡೆ ಶೇಡ್. ಗ್ರಿಲ್ ಪ್ರೈಮರ್ ಉಳಿದಿದೆ ಅಂತ ಗೋಡೆಗೆ ಎಳೆದರೆ ಕ್ಷಾರ ಅದರ ಎಣ್ಣೆಯನ್ನು ತಿಂದು ಪದರ ಅಂಟಂಟಾಗಿ ಕಿತ್ತು ಬರುತ್ತದೆ.

ಎಷ್ಟು ಕೆಂಪು, ಎಲ್ಲಿ

ನಾಲ್ಕೂ ಗೋಡೆ ಕೆಂಪು ಮಾಡಬೇಡಿ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಭಾಗ ವಾಪಸು ಕೊಟ್ಟರೆ, ಇಟ್ಟಿಗೆ ಕೆಂಪು ಗೋಡೆ 10-15 ಭಾಗ ಕೊಡುತ್ತದೆ. 20×30 ಸೈಟಿನಲ್ಲಿ ಎರಡು ಕಡೆ ಪಕ್ಕದ ಮನೆಯ ಗೋಡೆಗೇ ಅಂಟಿಸಿ ಕಟ್ಟಿ, ಹಾಲ್‌ಗೆ ಒಂದೇ ಕಿಟಕಿ ಬಿಟ್ಟ ಮನೆಯಾದರೆ ಹಗಲಲ್ಲೂ ಲೈಟು ಹಾಕಬೇಕಾಗುತ್ತದೆ. ಕರೆಂಟ್ ಹೋಗಿ ಯುಪಿಎಸ್‌ನ ಒಂದೇ ಬಲ್ಬ್ ಉರಿಯುವಾಗಂತೂ ಕೆಂಪು ಕೋಣೆ ಗವಿ.

ಒಂದು ಗೋಡೆ ಆರಿಸುವಾಗ ಕಿಟಕಿ ಇರುವ ಗೋಡೆ ಬಿಡಿ. ಕಿಟಕಿಯ ಬೆಳಕು ಕಣ್ಣಿಗೆ ನೇರ ಬೀಳುವಾಗ ಸುತ್ತಲಿನ ಕೆಂಪು ಕಪ್ಪಾಗಿ ಕಾಣುತ್ತದೆ. ಕಿಟಕಿಯ ಎದುರು ಗೋಡೆ ಅಥವಾ ಬೆಳಕು ಪಕ್ಕದಿಂದ ಸವರಿ ಹೋಗುವ ಗೋಡೆ ಒಳ್ಳೆಯದು. ಆದರೆ ಪಕ್ಕದಿಂದ ಸವರುವ ಬೆಳಕು ಪುಟ್ಟಿಯ ಉಬ್ಬುತಗ್ಗನ್ನೂ ಎತ್ತಿ ತೋರಿಸುತ್ತದೆ, ಅಲ್ಲಿ ಉಜ್ಜುವ ಕೆಲಸ ಹೆಚ್ಚು. ಪಶ್ಚಿಮದ ಕಿಟಕಿಯ ಎದುರು ಗೋಡೆಗೆ ಸಂಜೆ ಬಿಸಿಲು ನೇರ ಬೀಳುತ್ತದಾದರೆ ಸಾವಯವ ಕೆಂಪು ಬೇಡ. ಎರಡು ವರ್ಷ ಬಿಟ್ಟು ಕ್ಯಾಲೆಂಡರ್ ತೆಗೆದರೆ ಅದರ ಹಿಂದೆ ಗಾಢ ಚೌಕವೊಂದು ಉಳಿದಿರುತ್ತದೆ.

ಟಿವಿ ಹಿಂದಿನ ಗೋಡೆಗೆ ಎಲ್ಲರೂ ಕೆಂಪು ಅಂತಾರೆ. ನಾವು ಬೇಡ ಅಂತೀವಿ. ಗಂಟೆಗಟ್ಟಲೆ ಆ ಕಡೆಯೇ ನೋಡುವುದರಿಂದ ಕಣ್ಣು ಕೆಂಪಿಗೆ ಒಗ್ಗಿ ಪರದೆಯ ಮೇಲಿನ ಮುಖಗಳು ಹಸಿರು ಹೊಡೆದಂತೆ ಕಾಣುತ್ತವೆ. ಅದರ ಬದಲು ಸೋಫಾ ಹಿಂದಿನ ಗೋಡೆ, ಊಟದ ಮೇಜಿನ ಪಕ್ಕದ ಗೋಡೆ, ಮೆಟ್ಟಿಲ ಗೋಡೆ, ಕಪಾಟಿನ ಹಿಂಬದಿ ನೋಡಿ. ದೇವರ ಗೂಡು ಎಲ್ಲಕ್ಕಿಂತ ಒಳ್ಳೆಯದು. ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗೂಡಿನೊಳಗೆ ಟೊಮೆಟೊ ಕೆಂಪೂ ಜೋರಾಗುವುದಿಲ್ಲ, ದೀಪದ ಹಳದಿ ಬೆಳಕಿಗೆ ಅರಳುತ್ತದೆ, ಕುಂಕುಮದ ಬೆರಳಚ್ಚು ಕಾಣುವುದಿಲ್ಲ. ದೀಪದ ಕರಿ ಮತ್ತು ಎಣ್ಣೆ ಒರೆಸಬೇಕಾಗುವುದರಿಂದ ಅಲ್ಲಿ ತುಸು ಹೊಳಪಿರುವ ಸ್ಯಾಟಿನ್ ಫಿನಿಶ್ ಹೊಡೆಸಿ. ವಾಸ್ತು ನೋಡುವವರು ಆಗ್ನೇಯ ಅಗ್ನಿಮೂಲೆ, ಕೆಂಪು ಆಗುತ್ತದೆ ಅಂತ ಅಡುಗೆಮನೆಗೆ ಹೇಳುತ್ತಾರೆ. ಅಲ್ಲೂ ಇದೇ ಮಾತು, ಒಗ್ಗರಣೆ ಹೊಗೆ ಹತ್ತುವ ಕಡೆ ಹೊಳಪಿಲ್ಲದ ಮ್ಯಾಟ್ ಬೇಡ.

ಕೆಂಪು ಒಳಮೂಲೆಯಲ್ಲಿ ನಿಲ್ಲಬೇಕು, ಹೊರಮೂಲೆಯಲ್ಲಿ ಅಲ್ಲ. ಹೊರಮೂಲೆಯಲ್ಲಿ ನಿಲ್ಲಿಸಿದರೆ ಬಣ್ಣಕ್ಕೆ ದಪ್ಪವೇ ಇಲ್ಲ, ಕಾಗದ ಅಂಟಿಸಿದ ಹಾಗೆ ಕಾಣುತ್ತದೆ. ಪಕ್ಕದ ಗೋಡೆಗಳಿಗೆ ಅಪ್ಪಟ ಬಿಳಿ ಹೊಡೆಸಿದರೆ ಗೀಟು ಎಳೆದಷ್ಟು ಒರಟು. ಹಾಲಿನ ಕೆನೆಯಷ್ಟು ಬಿಳುಪು ಸಾಕು. ಬಿಳಿ ಸ್ವಿಚ್‌ಬೋರ್ಡುಗಳು ಕೆಂಪು ಗೋಡೆಯಲ್ಲಿ ಒಸಡಿನಿಂದ ಎದ್ದ ಹಲ್ಲಿನ ಹಾಗೆ ಕಾಣುವುದರಿಂದ, ಬೂದು ಪ್ಲೇಟು ಹಾಕಿಸಿಕೊಳ್ಳಿ ಅಥವಾ ಬೋರ್ಡ್ ಇಲ್ಲದ ಗೋಡೆ ಆರಿಸಿ.

ಬಲ್ಬ್ ಬದಲಿಸಿ ನೋಡಿ

ಅಂಗಡಿಯ ಮುಂದೆ ಹಗಲು ಬೆಳಕಲ್ಲಿ ನೋಡಿ ತಂದ ಕೆಂಪು, ರಾತ್ರಿ ಮನೆಯಲ್ಲಿ ಸತ್ತ ಕಂದಾಗಿ ಕಂಡರೆ ಪೇಂಟರ್ ಜೊತೆ ಜಗಳ ಬೇಡ, ಮೇಲೆ ನೋಡಿ. 6500 ಕೆಲ್ವಿನ್ ಅಂತ ಬರೆದ ಎಲ್‌ಇಡಿ ಟ್ಯೂಬಿನ ಬೆಳಕಿನಲ್ಲಿ ನೀಲಿ ಹೆಚ್ಚು, ಗಾಢ ಕೆಂಪು ಕಡಿಮೆ. ಕೆಂಪು ಗೋಡೆ ವಾಪಸು ಕೊಡುವುದು ಕೆಂಪು ಬೆಳಕನ್ನು ಮಾತ್ರ. ಬೀಳದ್ದನ್ನು ಅದೆಲ್ಲಿಂದ ಕೊಟ್ಟೀತು? ಆ ಗೋಡೆಯ ಹತ್ತಿರದ ದೀಪಗಳನ್ನಾದರೂ 2700 ಅಥವಾ 3000 ಕೆಲ್ವಿನ್‌ನ ಹಳದಿ ಬೆಳಕಿಗೆ ಬದಲಿಸಿ. ಡಬ್ಬಿ ಮೇಲೆ ಸಿಆರ್‌ಐ (ಬಣ್ಣಗಳನ್ನು ಬೆಳಕು ಎಷ್ಟು ಸರಿಯಾಗಿ ತೋರಿಸುತ್ತದೆ ಎನ್ನುವ ಅಂಕಿ) 80 ಅಂತ ಇದ್ದರೆ ಅಷ್ಟಕ್ಕೇ ನಂಬಬೇಡಿ. ಆ ಅಂಕಿಯನ್ನು ಎಂಟು ತಿಳಿಬಣ್ಣಗಳ ಮೇಲೆ ಲೆಕ್ಕ ಹಾಕುತ್ತಾರೆ, ಗಾಢ ಕೆಂಪು ಅದರಲ್ಲಿ ಸೇರಿಯೇ ಇಲ್ಲ. ಅದಕ್ಕೆ ಆರ್9 ಅಂತ ಬೇರೆ ಅಂಕಿ. ಸಿಆರ್‌ಐ 90 ಅಥವಾ ಹೆಚ್ಚಿನ ಬಲ್ಬ್ ಸಿಕ್ಕರೆ ಕೆಂಪು ಸರಿಯಾಗಿ ಕಾಣುವ ಸಂಭವ ಹೆಚ್ಚು.

ಪರೀಕ್ಷೆ ಸುಲಭ. 2 ಅಡಿ ಚೌಕದ ದಪ್ಪ ಕಾರ್ಡ್‌ಶೀಟಿಗೆ ಬಿಳಿ ಪ್ರೈಮರ್ ಒಂದು ಕೋಟು, ಮೇಲೆ ನಿಮ್ಮ ಕೆಂಪು ಮೂರು ಕೋಟು ಹೊಡೆದು ಒಣಗಿಸಿ. ಗೋಡೆಯ ಮೇಲೆಯೇ ಸ್ಯಾಂಪಲ್ ಹೊಡೆಯಬೇಡಿ, ಹಳೆ ಬಣ್ಣ ಸುತ್ತ ಇದ್ದು ಕಣ್ಣಿಗೆ ಮೋಸ ಮಾಡುತ್ತದೆ, ಆಮೇಲೆ ಆ ಚೌಕದ ಅಂಚು ಹೊಸ ಬಣ್ಣದಡಿಯೂ ಎದ್ದು ಕಾಣುತ್ತದೆ. ಶೀಟನ್ನು ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 1ಕ್ಕೆ, ಸಂಜೆ ದೀಪ ಹಚ್ಚುವ ಹೊತ್ತಿಗೆ, ರಾತ್ರಿ ಟ್ಯೂಬ್ ಹಾಕಿ ನೋಡಿ. ಮುಸ್ಸಂಜೆಯಲ್ಲಿ ಕೆಂಪು ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ. ಅದು ಬಣ್ಣದ ದೋಷವಲ್ಲ, ಮಬ್ಬಿನಲ್ಲಿ ಕಣ್ಣಿಗೆ ಕೆಂಪು ಕಾಣುವ ಶಕ್ತಿ ಕುಗ್ಗುತ್ತದೆ. ಇನ್ನೊಂದು ವಿಷಯ: ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಗೋಡೆ ಪೇಂಟ್) ಒಣಗಿದ ಮೇಲೆ ಗಾಢವಾಗುತ್ತದೆ. ಡಬ್ಬಿ ತೆರೆದಾಗ ಕಂಡ ಗುಲಾಬಿ ಛಾಯೆ ನೋಡಿ ತಪ್ಪು ಶೇಡ್ ಕೊಟ್ಟರು ಅಂತ ವಾಪಸು ಒಯ್ಯಬೇಡಿ.

ಉಪ್ಪು ಬಿಡುವ ಗೋಡೆ

ಕೆಂಪು ಗೋಡೆ ಕೆಡುವುದಕ್ಕೆ ನಮ್ಮ ಕಡೆ ದೊಡ್ಡ ಕಾರಣ ಇದೇ. ಆಳದ ಬೋರ್‌ವೆಲ್ಲಿನ ಗಡಸು ನೀರಲ್ಲೇ ಮಾಲು ಕಲಸಿ, ಅದರಲ್ಲೇ ಕ್ಯೂರಿಂಗ್ ಮಾಡಿರುತ್ತಾರೆ. ಇಟ್ಟಿಗೆಯ ಮಣ್ಣಲ್ಲೂ ಉಪ್ಪಿರಬಹುದು. ಗೋಡೆಯ ತೇವ ಹೊರಗೆ ಬರುವಾಗ ಆ ಉಪ್ಪನ್ನೂ ಹೊತ್ತು ತಂದು ಮೇಲೆ ಬಿಟ್ಟು ಆರುತ್ತದೆ. ಕೆನೆ ಬಣ್ಣದ ಗೋಡೆಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಂಪಿನ ಮೇಲೆ ರಂಗೋಲಿ ಪುಡಿ ಚೆಲ್ಲಿದಂತೆ ಕಾಣುತ್ತದೆ.

ಬಿಳಿ ಕಲೆ ಉಪ್ಪೋ ಬೂಷ್ಟೋ ಅಂತ ತಿಳಿಯಲು ಅದರ ಮೇಲೆ ಒಂದು ಹನಿ ನೀರಿಡಿ. ಉಪ್ಪಾದರೆ ಕರಗಿ ಮಾಯವಾಗುತ್ತದೆ, ಆರಿದ ಮೇಲೆ ಮತ್ತೆ ಬರುತ್ತದೆ. ಬೂಷ್ಟಾದರೆ ಹಾಗೇ ಇರುತ್ತದೆ. ಗೋಡೆಯೊಳಗೆ ತೇವ ಇದೆಯೇ ಅಂತ ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆ ಹಾಳೆಯ ಒಳಬದಿ ಬೆವರಿದ್ದರೆ, ಅಥವಾ ಗೋಡೆಯ ಆ ಭಾಗ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಹೊಸ ಪ್ಲಾಸ್ಟರ್‌ಗೆ 28 ದಿನ ಕನಿಷ್ಠ. ಮಳೆಗಾಲದಲ್ಲಿ ಎತ್ತಿದ ಗೋಡೆಗೆ ಅದೂ ಸಾಲದು. ಈ ಜಿಲ್ಲೆಗಳಲ್ಲಿ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರ್‌ನದು, ಮನೆಗೆ ಬಣ್ಣ ಹೊಡೆಸುವ ಆತುರವೂ ಆಗಲೇ, ದಸರಾ-ದೀಪಾವಳಿ ಬಂತು ಅಂತ. ಬೇರೆ ಬಣ್ಣ ಹಬ್ಬಕ್ಕೆ ಹೊಡೆಸಿ, ಕೆಂಪನ್ನು ಸಂಕ್ರಾಂತಿ ಆದಮೇಲೆ ಹೊಡೆಸಿ.

ಉಪ್ಪು ತೆಗೆಯುವಾಗ ಮೊದಲು ಒಣ ಬ್ರಷ್. ನೀರಲ್ಲಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಗಟ್ಟಿ ಬಿರುಗೂದಲ ಬ್ರಷ್ಷಿನಲ್ಲಿ ಉಜ್ಜಿ, ಪುಡಿಯನ್ನು ಗುಡಿಸಿ ಹೊರಗೆ ಹಾಕಿ, ಹದಿನೈದು ದಿನ ಬಿಟ್ಟು ನೋಡಿ. ಮತ್ತೆ ಬಂದರೆ ಮತ್ತೆ ಉಜ್ಜಿ. ಬರುವುದು ನಿಲ್ಲಬೇಕು, ಆಮೇಲೆ ಕ್ಷಾರ ತಡೆಯುವ ಪ್ರೈಮರ್. ನಿಲ್ಲದೇ ಹೋದರೆ ತೇವದ ಮೂಲ ಎಲ್ಲೋ ಇದೆ: ಗೋಡೆಯ ಆ ಬದಿಯ ಬಚ್ಚಲು, ಸಿಂಟೆಕ್ಸ್‌ನ ಸೋರುವ ಪೈಪು, ಸಜ್ಜೆಯ ಬಿರುಕು. ಅದನ್ನು ಮುಚ್ಚದೆ ಪುಟ್ಟಿ ಮೆತ್ತಿದರೆ ಉಪ್ಪು ಪುಟ್ಟಿಯನ್ನೇ ಹಪ್ಪಳದ ಹಾಗೆ ಎಬ್ಬಿಸುತ್ತದೆ.

ಪುಟ್ಟಿ ಕಲಸಲು, ಪ್ರೈಮರ್ ಮತ್ತು ಪೇಂಟಿಗೆ ಬೆರೆಸಲು ಬೋರ್ ನೀರು ಬಳಸಬೇಡಿ. ಊರಿನ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ಎರಡು ತಂದರೆ ಒಂದು ಕೋಣೆಗೆ ಧಾರಾಳ.

ಬೂದು ಪ್ರೈಮರ್, ಕೋಟುಗಳ ಲೆಕ್ಕ

ಪುಟ್ಟಿ ಎರಡು ಕೋಟು, ನಡುವೆ ಒಣಗಲು ಬಿಡುವು, ಆಮೇಲೆ 180 ನಂಬರಿನ ಕಾಗದದಲ್ಲಿ ಒಮ್ಮೆ, 220ರಿಂದ 320ರಲ್ಲಿ ಇನ್ನೊಮ್ಮೆ. ಉಜ್ಜಿದ ಮೇಲೆ ಮೊಬೈಲ್ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಬೆಳಕು ಗೋಡೆಯುದ್ದಕ್ಕೂ ಹರಿಯುವಂತೆ ಮಾಡಿ. ಉಬ್ಬು, ಗೀರು, ಕರಣೆಯ ಗುರುತು ಎಲ್ಲ ನೆರಳು ಬಿಡುತ್ತವೆ. ಪೆನ್ಸಿಲ್ಲಲ್ಲಿ ಸುತ್ತು ಹಾಕಿ ಅಷ್ಟನ್ನೇ ಸರಿಮಾಡಿಸಿ. ಧೂಳನ್ನು ಒಣ ಬಟ್ಟೆಯಲ್ಲಿ, ಆಮೇಲೆ ಒದ್ದೆ ಹಿಂಡಿದ ಬಟ್ಟೆಯಲ್ಲಿ ಒರೆಸಿ. ಧೂಳಿನ ಮೇಲೆ ಕೂತ ಕೆಂಪು ಮಾಸ್ಕಿಂಗ್ ಟೇಪಿಗೇ ಎದ್ದು ಬರುತ್ತದೆ.

ಕೆಂಪಿನಡಿ ಗುಲಾಬಿ ಪ್ರೈಮರ್ ಹೊಡೆದರೆ ಬೇಗ ಮುಚ್ಚುತ್ತದೆ ಅಂತ ಕೆಲವು ಪೇಂಟರ್‌ಗಳು ಹೇಳುತ್ತಾರೆ. ಬಿಳಿಗಿಂತ ವಾಸಿ, ಅಷ್ಟೇ. ಗುಲಾಬಿ ಅಂದರೆ ಹೆಚ್ಚಿನ ಪಾಲು ಬಿಳಿಯೇ ಆದ್ದರಿಂದ, ತೆಳು ಕೆಂಪಿನ ಅಡಿಯಿಂದ ಆ ಹೊಳಪು ಮೇಲೆ ಬಂದು ಗೋಡೆ ತೇಪೆ ತೇಪೆಯಾಗುತ್ತದೆ. ಬೇಕಾದ್ದು ಕೆಂಪಿನಷ್ಟೇ ಗಾಢವಾದ ಬೂದು. ಒಂದು ಲೀಟರ್ ಬಿಳಿ ವಾಟರ್ ಪ್ರೈಮರ್‌ಗೆ ಕಪ್ಪು ಸ್ಟೇನರ್ (ಪೇಂಟಿಗೆ ಬೆರೆಸುವ ಗಟ್ಟಿ ರಂಗು) 10 ಮಿಲಿಲೀಟರ್‌ನಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪ ಹಾಕುತ್ತ ಚೆನ್ನಾಗಿ ಕಲಕಿ. ಎಲ್ಲಿ ನಿಲ್ಲಿಸಬೇಕು? ಪ್ರೈಮರನ್ನು ಕಾರ್ಡಿಗೆ ಹಚ್ಚಿ ಒಣಗಿಸಿ, ಕೆಂಪು ಸ್ಯಾಂಪಲ್ ಶೀಟಿನ ಪಕ್ಕ ಇಟ್ಟು ಮೊಬೈಲಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಫೋಟೊದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಗಾಢತೆ ಬಂದರೆ ಬೂದು ಸರಿಯಾಗಿದೆ. ಟೊಮೆಟೊ ಕೆಂಪಿಗೆ ಬೂದು ಒಂದು ಮೆಟ್ಟಿಲು ತಿಳಿಯಾಗಿರಲಿ, ಇಲ್ಲದಿದ್ದರೆ ಬಣ್ಣದ ಚುರುಕು ಹೋಗುತ್ತದೆ. ರಾಗಿ ಕೆಂಪಿಗೆ ಬಿಳಿ ಪ್ರೈಮರೇ ಸಾಕು.

ಲೆಕ್ಕಕ್ಕೆ ಒಂದು ಗೋಡೆ ತೆಗೆದುಕೊಳ್ಳೋಣ: 12 ಅಡಿ ಉದ್ದ, 10 ಅಡಿ ಎತ್ತರ, 120 ಚದರಡಿ. ನಯ ಮಾಡಿದ ಗೋಡೆಯಲ್ಲಿ ಒಂದು ಲೀಟರ್ ಎಮಲ್ಷನ್ ಒಂದು ಕೋಟಿಗೆ ಸುಮಾರು 110-120 ಚದರಡಿ ಬರುತ್ತದೆ ಅಂತ ಹಿಡಿಯಿರಿ. ಬೂದು ಪ್ರೈಮರ್ ಮೇಲೆ ಮೂರು ಕೋಟು ಅಂದರೆ ಮೂರೂಕಾಲು ಲೀಟರ್. 4 ಲೀಟರ್ ಡಬ್ಬಿಯೇ ತನ್ನಿ, ಉಳಿದದ್ದು ಬೇಕಾಗುತ್ತದೆ. ಒಂದೊಂದೇ ಲೀಟರ್ ಮೂರು ಸಲ ಮಾಡಿಸಿ ತಂದರೆ ಮೂರೂ ಕೂದಲೆಳೆಯಷ್ಟು ಬೇರೆ ಬರುತ್ತವೆ, ಕೆಂಪಿನಲ್ಲಿ ಆ ಎಳೆ ಕಾಣುತ್ತದೆ. ಹಾಗೆ ಬಿಡಿ ಡಬ್ಬಿಗಳನ್ನೇ ತಂದಿದ್ದರೆ ಹೊಡೆಯುವ ಮೊದಲು ಎಲ್ಲವನ್ನೂ ಒಂದು ದೊಡ್ಡ ಬಕೆಟ್ಟಿಗೆ ಸುರಿದು ಕಲಸಿ.

ನೀರಿನ ವಿಷಯದಲ್ಲಿ ಪಕ್ಕದಲ್ಲಿ ನಿಂತು ನೋಡಿ. ತಿಳಿಬಣ್ಣಕ್ಕೆ ಪೇಂಟರ್‌ಗಳು ಅರ್ಧಕ್ಕರ್ಧ ನೀರು ಬೆರೆಸುವ ರೂಢಿ ಇದೆ. ಗಾಢ ಕೆಂಪಿಗೆ ಅದೇ ಅಳತೆ ಹಾಕಿದರೆ ಇಳಿದು ಗೆರೆಗೆರೆಯಾಗುತ್ತದೆ, ಕೋಟುಗಳೂ ಹೆಚ್ಚುತ್ತವೆ. ಡಬ್ಬಿಯ ಮೇಲೆ ಬರೆದ ಅಳತೆಯ ಕೆಳಮಿತಿಯಲ್ಲಿ ನಿಲ್ಲಿಸಿ. ಸಾಮಾನ್ಯವಾಗಿ ಲೀಟರ್‌ಗೆ 200ರಿಂದ 300 ಮಿಲಿಲೀಟರ್ ಸಾಕು.

ಹೊಡೆಯುವಾಗ

ಸೀಲಿಂಗ್ ಮತ್ತು ಪಕ್ಕದ ಗೋಡೆ ಮೊದಲು ಮುಗಿಯಬೇಕು, ಕೆಂಪು ಕೊನೆಗೆ. ಅಂಚಿಗೆ ಟೇಪ್ ಹಾಕಿದ ಮೇಲೆ ನೇರ ಕೆಂಪು ಎಳೆದರೆ ಟೇಪಿನಡಿ ನುಸುಳಿ ಗರಗಸದ ಹಲ್ಲಾಗುತ್ತದೆ. ಉಪಾಯ ಹೀಗಿದೆ: ಟೇಪಿನ ಅಂಚಿನ ಮೇಲೆ ಮೊದಲು ಪಕ್ಕದ ಗೋಡೆಯ ಕೆನೆ ಬಣ್ಣವನ್ನೇ ತೆಳ್ಳಗೆ ಸವರಿ ಒಣಗಿಸಿ. ನುಸುಳುವುದಿದ್ದರೆ ಕೆನೆಯೇ ನುಸುಳಿ ಸಂದು ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ಕೆಂಪು. ಕೊನೆಯ ಕೋಟು ಇನ್ನೂ ಸ್ವಲ್ಪ ಹಸಿ ಇರುವಾಗಲೇ ಟೇಪನ್ನು 45 ಡಿಗ್ರಿ ಓರೆಯಲ್ಲಿ ನಿಧಾನಕ್ಕೆ ಎಳೆಯಿರಿ. ಪೂರ್ತಿ ಒಣಗಿದ ಮೇಲೆ ಎಳೆದರೆ ಪೇಂಟಿನ ಪದರವೂ ಜೊತೆಗೆ ಕೀಳುತ್ತದೆ.

ಪಾವಗಡ, ಗೌರಿಬಿದನೂರಿನ ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ರೋಲರ್ ಮುಂದೆ ಹೋಗುವಷ್ಟರಲ್ಲಿ ಹಿಂದಿನದು ಒಣಗಿರುತ್ತದೆ. ಒಣಗಿದ ಅಂಚಿನ ಮೇಲೆ ಹೊಸ ಪೇಂಟ್ ಹತ್ತಿದರೆ ಅಲ್ಲಿ ಎರಡು ಪದರ, ಅದೇ ಪಟ್ಟೆ. ಬೆಳಿಗ್ಗೆ 7ರಿಂದ 11ರೊಳಗೆ ಹೊಡೆಸಿ, ಫ್ಯಾನ್ ಆರಿಸಿ, ಬಿಸಿಲು ಬೀಳುವ ಕಿಟಕಿಗೆ ಪರದೆ ಎಳೆಯಿರಿ. ಇಬ್ಬರು ಬೇಕು: ಒಬ್ಬರು ಎರಡೂವರೆ ಇಂಚಿನ ಬ್ರಷ್ಷಿನಲ್ಲಿ ಅಂಚು ಎಳೆಯುತ್ತ ಹೋದಂತೆ ಇನ್ನೊಬ್ಬರು ಅದು ಹಸಿ ಇರುವಾಗಲೇ 9 ಇಂಚಿನ ರೋಲರ್ ತಂದು ಸೇರಿಸಬೇಕು. ಮೂರಡಿ ಅಗಲದ ಪಟ್ಟಿ, ಮೇಲಿಂದ ಕೆಳಗಿನವರೆಗೆ, ಆಮೇಲೆ ಪಕ್ಕದ್ದು. ಪ್ರತಿ ಪಟ್ಟಿ ಮುಗಿದಾಗ ಪೇಂಟ್ ಅದ್ದದ ರೋಲರನ್ನು ಹಗುರವಾಗಿ ಮೇಲಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಶುರು ಮಾಡಿದ ಗೋಡೆ ಮೂಲೆಗೆ ಮುಟ್ಟುವ ತನಕ ಟೀಗೂ ಏಳುವಂತಿಲ್ಲ. ಕಾಫಿ-ತಿಂಡಿ ಮೊದಲೇ ಕೊಟ್ಟುಬಿಡಿ.

ಮೆಷಿನ್ನಿನಲ್ಲಿ ಬೀಳುವ ರಂಗು ನಿಧಾನಕ್ಕೆ ಒಣಗುವ ದ್ರವದಲ್ಲಿರುತ್ತದೆ, ಗಾಢ ಕೆಂಪಿಗೆ ಅದು ಬಹಳ ಬಿದ್ದಿರುತ್ತದೆ. ಡಬ್ಬಿಯಲ್ಲಿ ನಾಲ್ಕು ಗಂಟೆ ಅಂತ ಬರೆದಿದ್ದರೂ ಕೋಟು-ಕೋಟಿನ ನಡುವೆ ಒಂದು ರಾತ್ರಿ ಬಿಡಿ. ಎರಡನೇ ಕೋಟಿಗೂ ಗೋಡೆ ಮಚ್ಚೆ ಮಚ್ಚೆಯಾಗಿಯೇ ಇರುತ್ತದೆ. ಗಾಬರಿಯಾಗಿ ಅಲ್ಲಲ್ಲಿ ಬ್ರಷ್ಷಿನಲ್ಲಿ ತೀಡಿಸಬೇಡಿ, ತೀಡಿದ ಕಡೆಯೆಲ್ಲ ಕೊನೆಗೂ ಹೊಳೆಯುತ್ತದೆ. ಮೂರನೆಯದು ಪೂರ್ತಿ ಗೋಡೆಗೆ ಬೀಳಲಿ, ಆಮೇಲೆ ಮಾತಾಡಿ. ಮುಗಿದ ಮೇಲೆ ಒಂದು ತಿಂಗಳು ಒದ್ದೆ ಬಟ್ಟೆ ತಾಗಿಸಬೇಡಿ. ಅದಾದ ಮೇಲೂ ಬಿಳಿ ಬಟ್ಟೆ ಒದ್ದೆ ಮಾಡಿ ಮೂಲೆಯಲ್ಲಿ ಉಜ್ಜಿದಾಗ ಕೆಂಪು ಹತ್ತಿದರೆ, ಅಗ್ಗದ ಮ್ಯಾಟ್‌ಗೆ ಮಿತಿ ಮೀರಿ ರಂಗು ಹಾಕಿದ್ದಾರೆ ಅಂತ ಅರ್ಥ. ಮೇಲೆ ಅದೇ ಕಂಪನಿಯ ಪಾರದರ್ಶಕ ಕೋಟು ಒಂದು ಹೊಡೆಸಿದರೆ ಸೋಫಾಕ್ಕೆ ಮೆತ್ತುವುದು ತಪ್ಪುತ್ತದೆ.

ಹಳೆ ಮನೆ, ಕೆಮ್ಮಣ್ಣಿನ ಪಟ್ಟಿ

ಸುಣ್ಣದ ಗೋಡೆಯ ಬುಡಕ್ಕೆ ಕೆಮ್ಮಣ್ಣೋ ಜಾಜೋ ಸಾರಿಸಿದ ಪಟ್ಟಿ ಹಳ್ಳಿಮನೆಗಳಲ್ಲಿ ಇನ್ನೂ ಇದೆ. ಗುಡಿಸುವಾಗ ತಾಗುವ ಪೊರಕೆ, ಸಿಡಿಯುವ ನೀರು, ಅಂಗಳದ ಕೆಂಧೂಳು ಎಲ್ಲವನ್ನೂ ಅದು ಮುಚ್ಚಿಕೊಳ್ಳುತ್ತದೆ. ಇದನ್ನೇ ನೋಡಿ ಹಳೆಯ ಕಲ್ಲುಬುನಾದಿಯ ಮನೆಗೆ ಕೆಂಪು ಎಮಲ್ಷನ್ ಪಟ್ಟಿ ಹೊಡೆಸಿದರೆ ಒಂದೇ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಆ ಮನೆಗಳಲ್ಲಿ ನೆಲದ ತೇವ ಗೋಡೆಯಲ್ಲಿ ಎರಡು-ಮೂರು ಅಡಿ ಏರುತ್ತದೆ. ಕೆಮ್ಮಣ್ಣಿನ ಮೂಲಕ ತೇವ ಉಸಿರಾಡಿ ಹೊರಗೆ ಹೋಗುತ್ತಿತ್ತು, ಉದುರಿದ್ದನ್ನು ಹಬ್ಬಕ್ಕೊಮ್ಮೆ ಮತ್ತೆ ಸಾರಿಸುತ್ತಿದ್ದರು. ಪ್ಲಾಸ್ಟಿಕ್ ಪದರಕ್ಕೆ ಉಸಿರೂ ಇಲ್ಲ, ವರ್ಷವರ್ಷ ಹೊಡೆಸುವವರೂ ಇಲ್ಲ.

ಅಂಥ ಗೋಡೆಗೆ ಸುಣ್ಣದ ಕೆಂಪೇ ಸರಿ. ಅರಳಿಸಿ ಎರಡು ಸಲ ಸೋಸಿದ ಸುಣ್ಣಕ್ಕೆ, ಒಣ ಸುಣ್ಣದ ತೂಕದ ಹತ್ತನೇ ಒಂದು ಪಾಲು ಮೀರದಂತೆ ರೆಡ್ ಆಕ್ಸೈಡ್ ಪುಡಿ. ಪುಡಿಯನ್ನು ನೇರ ಹಾಕಿದರೆ ಗಂಟು ನಿಂತು ಗೋಡೆ ಮೇಲೆ ಗೆರೆ ಎಳೆಯುತ್ತದೆ. ರಾತ್ರಿಯೇ ಬೇರೆ ಪಾತ್ರೆಯಲ್ಲಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ಬೆರೆಸಿ. ಗೋಡೆಯನ್ನು ಮೊದಲು ಒದ್ದೆ ಮಾಡಿ, ಹಾಲಿನಷ್ಟು ತೆಳುವಾಗಿ ಮೂರು ಸಲ ಬಳಿಯಿರಿ. ಹಸಿ ಇದ್ದಾಗ ರಕ್ತಗೆಂಪು, ಒಣಗಿದಾಗ ತಿಳಿ ಇಟ್ಟಿಗೆ. ಕಡಿಮೆಯಾಯಿತು ಅಂತ ಪುಡಿ ಹೆಚ್ಚಿಸಿದರೆ ಕೈಗೆ, ಬಟ್ಟೆಗೆ ಹತ್ತುತ್ತದೆ. ಸುಣ್ಣ ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಕೊಳ್ಳಿ. ಹೊಸ ಮನೆಯ ಒಣ ಗೋಡೆಯಾದರೆ ಎಮಲ್ಷನ್ ಪಟ್ಟಿಗೆ ಅಡ್ಡಿಯಿಲ್ಲ, ಎತ್ತರ 8-10 ಇಂಚು ಇರಲಿ, ಅದಕ್ಕಿಂತ ಹೆಚ್ಚಾದರೆ ಕೋಣೆ ಗಿಡ್ಡ ಕಾಣುತ್ತದೆ. ನೆಲವೇ ರೆಡ್ ಆಕ್ಸೈಡ್ ಇದ್ದರೆ ಗೋಡೆಗೆ ಈ ಪಟ್ಟಿಗಿಂತ ಹೆಚ್ಚಿನ ಕೆಂಪು ಬೇಡ.

ಹಳೆ ಬಾಗಿಲು, ಕಿಟಕಿ, ಕಂಬಗಳ ಕೆಂಪು-ಹಳದಿ ಎನಾಮಲ್ ಬಣ್ಣ ಕೆರೆಯುವ ಮೊದಲು ಯೋಚಿಸಿ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಗಾಢ ಬಣ್ಣದಲ್ಲಿ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡಿ. ಒಣಗಿದ್ದನ್ನು ಉಜ್ಜಬೇಡಿ, ಬ್ಲೋಲ್ಯಾಂಪ್ ಹಿಡಿಯಬೇಡಿ. ನೀರು ಹಚ್ಚಿ ವಾಟರ್‌ಪೇಪರ್‌ನಲ್ಲಿ ಉಜ್ಜಿ, ಕೆಸರನ್ನು ಕಾಗದದಲ್ಲಿ ಬಳಿದು ಕವರಿಗೆ ಕಟ್ಟಿ. ಮಕ್ಕಳು, ಬಸುರಿಯರು ಆ ಹೊತ್ತಿಗೆ ಮನೆಯಲ್ಲಿ ಇರಬಾರದು.

ಕೆಂಪು ಸಾಕಾಗಿ ಮತ್ತೆ ತಿಳಿಬಣ್ಣಕ್ಕೆ ಹೋಗುವುದಾದರೆ 220 ಕಾಗದದಲ್ಲಿ ಹೊಳಪು ತೆಗೆದು ಬಿಳಿ ಪ್ರೈಮರ್ ಒಂದು ಕೋಟು ಹೊಡೆದು ಎರಡು ದಿನ ಕಾಯಿರಿ. ಗುಲಾಬಿ ಕಲೆ ಮೇಲೆದ್ದರೆ ಹಳೆ ರಂಗು ಕರಗಿ ಬರುತ್ತಿದೆ, ಇನ್ನೆಷ್ಟು ಎಮಲ್ಷನ್ ಹೊಡೆದರೂ ಬರುತ್ತಲೇ ಇರುತ್ತದೆ. ಕಲೆ ತಡೆಯುವ ಎಣ್ಣೆ ಆಧಾರಿತ ಪ್ರೈಮರ್ ಒಂದು ಕೋಟು ಬಿದ್ದ ಮೇಲೆಯೇ ಮುಂದಿನ ಕೆಲಸ.

ಉಳಿದ ಅರ್ಧ ಲೀಟರ್ ಪೇಂಟನ್ನು ದೊಡ್ಡ ಡಬ್ಬಿಯಲ್ಲೇ ಬಿಟ್ಟರೆ ಒಳಗಿನ ಗಾಳಿಗೆ ಕೆನೆ ಕಟ್ಟುತ್ತದೆ. ತೊಳೆದು ಒಣಗಿಸಿದ ಪ್ಲಾಸ್ಟಿಕ್ ಬಾಟಲಿಗೆ ಕತ್ತಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿ, ಶೇಡ್ ಕೋಡ್, ಬೇಸ್, ಫಿನಿಶ್, ತಾರೀಖು ಬರೆದು ಅಂಟಿಸಿ, ಬಿಸಿಲು ತಾಗದ ಕಡೆ ಇಡಿ. ಮೊಳೆ ತೂತು, ಕುರ್ಚಿ ಗೀರು ಸರಿಮಾಡುವಾಗ ಬ್ರಷ್ ಬೇಡ, ಸ್ಪಂಜಿನ ತುಂಡಿನಲ್ಲಿ ಒತ್ತಿ ಒತ್ತಿ ಹಚ್ಚಿ. ಗೀರು ಅಂಗೈಯಗಲಕ್ಕಿಂತ ದೊಡ್ಡದಾಗಿದ್ದರೆ ತೇಪೆ ಹಾಕುವ ಆಸೆ ಬಿಟ್ಟು ಆ ಗೋಡೆಯನ್ನು ಮೂಲೆಯಿಂದ ಮೂಲೆಗೆ ಒಂದು ಕೋಟು ಹೊಡೆಸಿ.